ಹಳೇ ಫ್ಲ್ಯಾಶ್ ಬಲ್ಬ್ ಗುರುತಿಸುವುದು, ಉರಿಸುವುದು: ಸಮಗ್ರ ಮಾರ್ಗದರ್ಶಿ

ಹಳೇ ಕ್ಯಾಮೆರಾ ಕೊಂಡವರಿಗೆ ಎಷ್ಟೋ ಸಲ ಅದರ ಚೀಲದ ತಳದಲ್ಲಿ ಒಂದು ರಟ್ಟಿನ ಡಬ್ಬಿ ಸಿಗುತ್ತದೆ. ಒಳಗೆ ನಾಲ್ಕೋ ಐದೋ ಗಾಜಿನ ಬುರುಡೆ. ಇವೇ ಫ್ಲ್ಯಾಶ್ ಬಲ್ಬ್, ಫೋಟೋ ತೆಗೆಯುವಾಗ ಒಂದೇ ಒಂದು ಸಲ ಉರಿದು ಬೆಳಕು ಕೊಡುವಂಥವು. ಬೆಳಕಿಗೆ ಹಿಡಿದರೆ ಒಳಗೆ ಗೋಜಲಾದ ಕೂದಲಿನ ಹಾಗೆ ತೆಳ್ಳನೆ ಲೋಹದ ಎಳೆ ಕಾಣುತ್ತದೆ. ತಕ್ಷಣ ಬರುವ ಯೋಚನೆ ಒಂದೇ: ಕೆಲಸ ಮಾಡುತ್ತಾ ಅಂತ ಒಂದು ಸಲ ನೋಡೋಣ. ನೋಡಬಹುದು, ಆದರೆ ನೋಡಿದ ಬಲ್ಬ್ ಅಲ್ಲಿಗೆ ಮುಗಿಯಿತು. ಇದು ಬೆಂಕಿಕಡ್ಡಿ ಇದ್ದ ಹಾಗೆ. ಒಂದೊಂದೇ ಗೀರಿ ನೋಡಿ, ಎಲ್ಲ ಚೆನ್ನಾಗಿವೆ ಅಂತ ವಾಪಸ್ ಡಬ್ಬಿಗೆ ಇಡೋಕಾಗಲ್ಲ.

ಅದಕ್ಕೇ ಇಲ್ಲಿ ಮುಕ್ಕಾಲು ಪಾಲು ಬಲ್ಬ್ ಉರಿಸುವ ಮುಂಚಿನ ಕೆಲಸವೇ ಇದೆ. ಗನ್ (ಬಲ್ಬ್ ಕೂರಿಸಿ ಬ್ಯಾಟರಿಯಿಂದ ಉರಿಸುವ ಹಿಡಿ), ಅದನ್ನು ಕ್ಯಾಮೆರಾಗೆ ಸೇರಿಸುವ ಕೇಬಲ್, ಶಟರ್ (ಫಿಲ್ಮಿಗೆ ಬೆಳಕು ಬಿಡುವ ಕ್ಯಾಮೆರಾದ ಬಾಗಿಲು), ಲೆಕ್ಕ, ಎಲ್ಲವನ್ನೂ ಒಂದೂ ಬಲ್ಬ್ ಕಳೆಯದೆ ಪರೀಕ್ಷೆ ಮಾಡಬಹುದು. ಬಲ್ಬ್ ಒಂದನ್ನು ಮಾತ್ರ ಕಣ್ಣಲ್ಲಿ ನೋಡಿ ನಂಬಬೇಕು.

ಒಳಗೆ ಇರುವುದು ಏನು

ಫ್ಲ್ಯಾಶ್ ಬಲ್ಬ್‌ಗಿಂತ ಮುಂಚೆ ಫೋಟೋಗ್ರಾಫರುಗಳು ತಟ್ಟೆಯಲ್ಲಿ ಮೆಗ್ನೀಸಿಯಂ ಪುಡಿ ಸುರಿದು ಉರಿಸುತ್ತಿದ್ದರು. ಹೊಗೆ, ಕಿಡಿ, ಸುಟ್ಟ ಹುಬ್ಬು, ಎಲ್ಲ ಇರುತ್ತಿತ್ತು. 1929ರಲ್ಲಿ ಜರ್ಮನಿಯಲ್ಲಿ 'ವ್ಯಾಕುಬ್ಲಿಟ್ಸ್' ಅನ್ನುವ ಬಲ್ಬ್ ಮಾರಾಟಕ್ಕೆ ಬಂತು, 1930ರಲ್ಲಿ ಅಮೆರಿಕದಲ್ಲಿ ಜನರಲ್ ಎಲೆಕ್ಟ್ರಿಕ್ ತನ್ನದನ್ನು ತಂದಿತು. ಅದೇ ಬೆಂಕಿಯನ್ನು ಗಾಜಿನೊಳಗೆ ಕೂಡಿಹಾಕಿದರು, ಅಷ್ಟೇ. ಗಾಜಿನೊಳಗೆ ಆಮ್ಲಜನಕ, ಅದರಲ್ಲಿ ಅಲ್ಯೂಮಿನಿಯಂ ಹಾಳೆ ಅಥವಾ ಎಳೆ. ಆಮೇಲೆ ಬಂದ ಪುಟ್ಟ ಬಲ್ಬ್‌ಗಳಲ್ಲಿ ಜಿರ್ಕೋನಿಯಂ. ಮಧ್ಯದಲ್ಲಿ ಒಂದು ಸಣ್ಣ ತಂತಿ, ಅದರ ತುದಿಗೆ ಹೊತ್ತಿಕೊಳ್ಳುವ ಮದ್ದು. ಕರೆಂಟ್ ಹರಿದರೆ ತಂತಿ ಕಾಯುತ್ತದೆ, ಮದ್ದು ಸಿಡಿಯುತ್ತದೆ, ಲೋಹ ಹೊತ್ತಿಕೊಳ್ಳುತ್ತದೆ.

ಗಾಜಿನ ಮೇಲೆ ಒಂದು ಪದರ ಲ್ಯಾಕರ್ ಬಳಿದಿರುತ್ತಾರೆ. ಇದು ಚಂದಕ್ಕಲ್ಲ. ಉರಿಯುವಾಗ ಆ ಬಿಸಿಗೆ ಗಾಜು ಒಳಗೇ ಬಿರುಕು ಬಿಡುತ್ತದೆ, ಚೂರು ಹಾರದ ಹಾಗೆ ಹಿಡಿದಿಡುವುದು ಈ ಪದರ. ಲ್ಯಾಕರ್ ಸಿಪ್ಪೆ ಎದ್ದಿರುವ ಬಲ್ಬನ್ನು ನಾನಂತೂ ಉರಿಸಲ್ಲ.

ಮೊದಲ ಹೆಜ್ಜೆ: ಬುಡ ನೋಡಿ

ಬಲ್ಬ್ ಗುರುತಿಸಲು ಗಾಜಿನಿಂದ ಶುರು ಮಾಡಬೇಡಿ, ಬುಡದಿಂದ ಶುರು ಮಾಡಿ. ಯಾವ ಗನ್‌ಗೆ ಕೂರುತ್ತದೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಮನೆಯ ಬಲ್ಬ್ ಗಾತ್ರ, ತಿರುಪಿ ಹಾಕುವ ದಪ್ಪ ಬುಡ ಇದ್ದರೆ ಅದು ದೊಡ್ಡ ಬಲ್ಬ್. ಜನರಲ್ ಎಲೆಕ್ಟ್ರಿಕ್‌ನ 22, 50 ಈ ಜಾತಿ. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ತಿರುಪಿನ ಬುಡದ ಬಲ್ಬ್ ಎಷ್ಟೋ ಮನೆ ದೀಪದ ಹೋಲ್ಡರ್‌ಗೂ ಸರಿಯಾಗಿ ಕೂತುಬಿಡುತ್ತದೆ. ಸ್ವಿಚ್ ಆನ್ ಇದ್ದರೆ ತಿರುಪುತ್ತಿರುವಾಗಲೇ, ಮುಖದ ಮುಂದೆ, ಕೈಯೊಳಗೇ ಉರಿಯುತ್ತದೆ. ಯಾರಾದರೂ ಮಾಮೂಲಿ ಬಲ್ಬ್ ಅಂದುಕೊಳ್ಳುವ ಜಾಗದಲ್ಲಿ ಇವನ್ನು ಇಡಲೇಬೇಡಿ.

ಪಿಂಗ್‌ಪಾಂಗ್ ಚೆಂಡಿನ ಗಾತ್ರ, ಬುಡದ ಪಕ್ಕದಲ್ಲಿ ಪುಟ್ಟ ಗುಬುಟು, ಒತ್ತಿ ತಿರುಗಿಸಿ ಕೂರಿಸುವಂಥದ್ದು: ಇದು ಬಯೋನೆಟ್. ಜನರಲ್ ಎಲೆಕ್ಟ್ರಿಕ್‌ನ 5, ಸಿಲ್ವೇನಿಯಾದ ಪ್ರೆಸ್ 25 ಈ ಗುಂಪಿನವು. ಪತ್ರಿಕಾ ಫೋಟೋಗ್ರಾಫರುಗಳ ಜೇಬಲ್ಲಿ ಹೆಚ್ಚಾಗಿ ಇರುತ್ತಿದ್ದದ್ದು ಇವೇ.

ಇನ್ನೂ ಚಿಕ್ಕದು, ಲೋಹದ ಬುಡ ಇದೆ, ಆದರೆ ಗುಬುಟು ಇಲ್ಲ, ಸುಮ್ನೆ ಒಳಕ್ಕೆ ಒತ್ತಿದರೆ ಸಾಕು ಅಂದರೆ ಎಂ2, ಎಂ3 ಥರದವು. ಲೋಹದ ಬುಡವೇ ಇಲ್ಲದೆ, ಗಾಜಿನ ಕೆಳಗೆ ಎರಡು ತಂತಿ ಮಡಚಿಕೊಂಡು ಕೂತಿದ್ದರೆ ಎಜಿ-1 ಅಥವಾ ಫಿಲಿಪ್ಸ್‌ನ ಪಿಎಫ್1 ಥರದವು. ಎಜಿ-1 ಕಡಲೆಕಾಯಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಎಜಿ-1 ಮತ್ತು ಪಿಎಫ್1 ಎರಡಕ್ಕೂ ಲೋಹದ ಬುಡ ಇಲ್ಲ ಅಂತ ಒಂದರ ಗನ್‌ಗೆ ಇನ್ನೊಂದನ್ನು ತುರುಕಬೇಡಿ. ಸಾಕೆಟ್ ಬೇರೆ ಬೇರೆ.

ಇವುಗಳ ಬೆಳಕಿನಲ್ಲಿ ಅಜಗಜಾಂತರ. ಎಜಿ-1 ಸುಮಾರು 7,000 ಲುಮೆನ್-ಸೆಕೆಂಡ್ (ಒಟ್ಟು ಬೆಳಕಿನ ಅಳತೆ) ಕೊಡುತ್ತದೆ, ಪ್ರೆಸ್ 25 ಸುಮಾರು 20,000, ತಿರುಪಿನ 22 ಅಂತೂ 60,000 ದಾಟುತ್ತದೆ. ಓ. ವಿನ್‌ಸ್ಟನ್ ಲಿಂಕ್ ಅನ್ನುವ ಅಮೆರಿಕದ ಫೋಟೋಗ್ರಾಫರ್ 1950ರ ದಶಕದ ಕೊನೆಗೆ ನಾರ್ಫೋಕ್ ಆ್ಯಂಡ್ ವೆಸ್ಟರ್ನ್ ರೈಲ್ವೆಯ ಉಗಿಬಂಡಿಗಳನ್ನು ಕಗ್ಗತ್ತಲಲ್ಲಿ ತೆಗೆದದ್ದು ಇಂಥ ಬಲ್ಬ್‌ಗಳನ್ನು ಹತ್ತಾರು ಒಟ್ಟಿಗೆ ತಂತಿಗೆ ಸೇರಿಸಿ ಉರಿಸಿ. ರೈಲು ಇನ್ನೊಂದು ಸಲ ಬಾ ಅಂದರೆ ಬರಲ್ಲ, ಬಲ್ಬೂ ಇನ್ನೊಂದು ಸಲ ಉರಿಯಲ್ಲ. ಆ ಮನುಷ್ಯನ ಎದೆಗಾರಿಕೆ ನೋಡಿ!

ಎರಡನೇ ಹೆಜ್ಜೆ: ಬಣ್ಣ ಮತ್ತು ಅಕ್ಷರ

ಗಾಜು ತಿಳಿಯಾಗಿದೆಯೋ ನೀಲಿಯಾಗಿದೆಯೋ ನೋಡಿ. ಹೆಸರಿನ ಕೊನೆಗೆ 'ಬಿ' ಇದ್ದರೆ ನೀಲಿ: 5ಬಿ, 25ಬಿ, ಎಜಿ-1ಬಿ. ತಿಳಿ ಬಲ್ಬಿನ ಬೆಳಕು ಸುಮಾರು 3800ರಿಂದ 4000 ಕೆಲ್ವಿನ್, ಅಂದರೆ ಹಳದಿ ಕಡೆಗೆ. ನೀಲಿ ಲ್ಯಾಕರ್ ಅದನ್ನು ಹಗಲು ಬೆಳಕಿನ ಹತ್ತಿರಕ್ಕೆ ತರುತ್ತದೆ.

ಕಪ್ಪುಬಿಳುಪು ಫಿಲ್ಮಿಗೆ ತಿಳಿ ಬಲ್ಬೇ ಒಳ್ಳೆಯದು. ನೀಲಿ ಪದರ ಬೆಳಕನ್ನು ತಿನ್ನುತ್ತದೆ, ಸುಮ್ನೆ ಯಾಕೆ ಕಳೆಯಬೇಕು? ಕಲರ್ ಫಿಲ್ಮ್ ಆದರೆ ನೀಲಿ ಬಲ್ಬ್ ಹಾಕಿ. ಇಲ್ಲದಿದ್ದರೆ ತಿಳಿ ಬಲ್ಬ್ ಹಾಕಿ ಲೆನ್ಸ್ ಮೇಲೆ 80ಸಿ ಅನ್ನುವ ನೀಲಿ ಫಿಲ್ಟರ್ ಇಡಿ. ಡಿಜಿಟಲ್ ಆದರೆ ತಲೆಕೆಡಿಸಿಕೊಳ್ಳಬೇಡಿ, ವೈಟ್ ಬ್ಯಾಲೆನ್ಸ್ ಆಮೇಲೆ ಸರಿಮಾಡಬಹುದು.

ಮೂರನೇ ಹೆಜ್ಜೆ: ನೀಲಿ ಚುಕ್ಕೆ

ನನಗೆ ತುಂಬ ಇಷ್ಟವಾದ ಭಾಗ ಇದು. ಎಷ್ಟೋ ಬಲ್ಬ್‌ಗಳಲ್ಲಿ ಗಾಜಿನ ಒಳಗೆ ಒಂದು ಸಣ್ಣ ಚುಕ್ಕೆ ಇರುತ್ತದೆ, ಸಾಸಿವೆ ಕಾಳಿನಷ್ಟು. ಕೋಬಾಲ್ಟ್‌ನ ಒಂದು ಉಪ್ಪು ಅದು. ಒಣಗಿದ್ದಾಗ ನೀಲಿ, ತೇವ ತಾಗಿದರೆ ಗುಲಾಬಿ. ಗಾಜಿನಲ್ಲಿ ಕಣ್ಣಿಗೆ ಕಾಣದ ಸೀಳು ಬಿದ್ದು ಹೊರಗಿನ ಗಾಳಿ ಒಳಗೆ ಹೋಗಿದ್ದರೆ, ಅದರ ಜೊತೆ ತೇವವೂ ಹೋಗಿರುತ್ತದೆ, ಚುಕ್ಕೆ ಬಣ್ಣ ಬದಲಿಸಿ ಚಾಡಿ ಹೇಳುತ್ತದೆ.

ಚುಕ್ಕೆ ನೀಲಿ ಇದ್ದರೆ ಧೈರ್ಯವಾಗಿ ಮುಂದುವರಿಯಿರಿ. ಗುಲಾಬಿ ಆಗಿದ್ದರೆ ಆ ಬಲ್ಬ್ ಬೇಡ. ಅದು ಉರಿಯದೇ ಇರಬಹುದು, ಅದಕ್ಕಿಂತ ಕೆಟ್ಟದ್ದು ಅಂದರೆ ಸಿಡಿಯಲೂಬಹುದು. ನೀಲಿ ಬಲ್ಬ್‌ಗಳಲ್ಲಿ ಚುಕ್ಕೆ ನೋಡುವುದು ಕಷ್ಟ. ಬಿಳಿ ಕಾಗದದ ಮುಂದೆ ಹಿಡಿದು, ನಿಧಾನಕ್ಕೆ ತಿರುಗಿಸುತ್ತಾ ನೋಡಿ. ಬರೀ ನೀಲಿ ಗಾಜಿಗಿಂತ ನೀಲಿ ಚುಕ್ಕೆ ಗಾಢವಾಗಿ ಕಾಣುತ್ತದೆ, ಗುಲಾಬಿ ಆದದ್ದು ಮಾಸಿದ ಹಾಗೆ ಇರುತ್ತದೆ.

ಎಲ್ಲ ಬಲ್ಬ್‌ಗೂ ಚುಕ್ಕೆ ಇರಲ್ಲ. ಇಲ್ಲದಿದ್ದರೆ ಗಾಜು, ಲ್ಯಾಕರ್, ಒಳಗಿನ ಎಳೆ ಮೂರನ್ನೂ ನೋಡಿ. ಎಳೆ ಹೊಳೆಯುತ್ತಿರಬೇಕು. ಒಳಗೆ ಬಿಳಿ ಬೂದಿ ಮೆತ್ತಿದ್ದು, ಗಾಜಿನ ಮೇಲೆ ಗುಳ್ಳೆ ಎದ್ದಿದ್ದರೆ ಅದು ಯಾವಾಗಲೋ ಉರಿದ ಬಲ್ಬ್. ಯಾರೋ ವಾಪಸ್ ಡಬ್ಬಿಗೆ ಹಾಕಿಟ್ಟಿದ್ದಾರೆ.

ಇನ್ನೊಂದು ಮಾತು. ಮಲ್ಟಿಮೀಟರ್ ಹಿಡಿದು 'ಒಳಗಿನ ತಂತಿ ಚೆನ್ನಾಗಿದೆಯಾ' ಅಂತ ಅಳೆಯಲು ಹೋಗಬೇಡಿ. ಮೀಟರ್ ಕೂಡ ಬಲ್ಬಿನೊಳಗೆ ಕರೆಂಟ್ ಹರಿಸಿಯೇ ಅಳೆಯುತ್ತದೆ. ಆ ಕರೆಂಟ್ ಸಾಕಾಗುತ್ತದೋ ಇಲ್ಲವೋ ಅನ್ನುವ ಪ್ರಯೋಗ ಬೆರಳುಗಳ ಮಧ್ಯೆ ಮಾಡುವಂಥದ್ದಲ್ಲ.

ಘನಾಕಾರದ ಡಬ್ಬಿಗಳು

ನಾಲ್ಕು ಕಡೆ ನಾಲ್ಕು ಪುಟ್ಟ ಬಲ್ಬ್ ಇರುವ ಪ್ಲಾಸ್ಟಿಕ್ ಘನಗಳು ಎರಡು ಥರ. 1965ರಲ್ಲಿ ಬಂದ ಫ್ಲ್ಯಾಶ್‌ಕ್ಯೂಬ್‌ಗೆ ಬ್ಯಾಟರಿ ಬೇಕು. 1970ರಲ್ಲಿ ಬಂದ ಮ್ಯಾಜಿಕ್ಯೂಬ್‌ಗೆ ಬ್ಯಾಟರಿಯೇ ಬೇಡ: ಒಳಗೆ ಒಂದೊಂದು ಬಲ್ಬಿಗೂ ಎಳೆದಿಟ್ಟ ಸ್ಪ್ರಿಂಗ್ ಇರುತ್ತದೆ, ಕ್ಯಾಮೆರಾದ ಪುಟ್ಟ ಕಡ್ಡಿ ಅದನ್ನು ಮೇಲೆತ್ತಿದರೆ ಸ್ಪ್ರಿಂಗ್ ರಪ್ ಅಂತ ಬಡಿದು ಮದ್ದು ಹೊತ್ತಿಸುತ್ತದೆ. ಒಂದು ಇನ್ನೊಂದರ ಸಾಕೆಟ್‌ಗೆ ಕೂರಲ್ಲ. ಮ್ಯಾಜಿಕ್ಯೂಬಿನ ತಳಕ್ಕೆ ಕಡ್ಡಿ ಹಾಕಿ ಕೆದಕಬೇಡಿ, ಬ್ಯಾಟರಿ ಇಲ್ಲದೆಯೇ ಉರಿಯುತ್ತದೆ. ಪೋಲರಾಯ್ಡ್ ಎಸ್‌ಎಕ್ಸ್-70ರ ಉದ್ದನೆಯ ಫ್ಲ್ಯಾಶ್‌ಬಾರ್‌ನಲ್ಲಿ ಹತ್ತು ಬಲ್ಬ್ ಇರುತ್ತವೆ, ಮುಂದೆ ಐದು, ಹಿಂದೆ ಐದು. ಇವೆಲ್ಲ ಆಯಾ ಕ್ಯಾಮೆರಾಗೇ ಮಾಡಿದ್ದು, ಹಾಕಿ ಒತ್ತಿದರೆ ಮುಗಿಯಿತು. ಇಲ್ಲಿಂದ ಮುಂದಿನದ್ದು ಬಿಡಿ ಬಲ್ಬ್‌ಗಳಿಗೆ.

ಗನ್ ಸರಿಮಾಡಿಕೊಳ್ಳುವುದು

ಹಳೇ ಗನ್ ಎರಡು ಬಗೆ. ಒಂದರಲ್ಲಿ ದಪ್ಪ ಟಾರ್ಚ್ ಸೆಲ್‌ಗಳು, ಕರೆಂಟ್ ನೇರವಾಗಿ ಬಲ್ಬಿಗೆ. ಗ್ರಾಫ್ಲೆಕ್ಸ್‌ನ ಮೂರು ಸೆಲ್ಲಿನ ಉದ್ದ ಹಿಡಿ ಈ ಬಗೆಯದು. ಅದನ್ನು ಒಂದು ಪ್ರಸಿದ್ಧ ಬಾಹ್ಯಾಕಾಶ ಸಿನಿಮಾದಲ್ಲಿ ಬೆಳಕಿನ ಖಡ್ಗ ಮಾಡಿದ ಮೇಲೆ ಅದರ ಬೆಲೆ ಫೋಟೋ ತೆಗೆಯುವವರ ಕೈಗೆ ಎಟುಕದ ಹಾಗಾಯಿತು, ಅದು ಬೇರೆ ಕಥೆ. ಇನ್ನೊಂದರಲ್ಲಿ 22.5 ವೋಲ್ಟ್ ಬ್ಯಾಟರಿ ಒಂದು ಕೆಪಾಸಿಟರನ್ನು ತುಂಬಿಸುತ್ತದೆ, ಕೆಪಾಸಿಟರ್ ಒಂದೇ ಏಟಿಗೆ ಬಲ್ಬಿಗೆ ಸುರಿಯುತ್ತದೆ. ಇದೇ ಹೆಚ್ಚು ನಂಬಿಕಸ್ಥ, ಯಾಕೆಂದರೆ ಬ್ಯಾಟರಿ ಸ್ವಲ್ಪ ಸೋತಿದ್ದರೂ ಏಟು ಜೋರಾಗಿಯೇ ಬೀಳುತ್ತದೆ.

22.5 ವೋಲ್ಟ್ ಬ್ಯಾಟರಿ ಸಿಗದಿದ್ದರೆ ರಿಮೋಟ್‌ಗಳಿಗೆ ಹಾಕುವ 12 ವೋಲ್ಟಿನ ಪುಟ್ಟ ಸೆಲ್ ಎರಡನ್ನು ಸಾಲಾಗಿ ಸೇರಿಸಿ. 24 ವೋಲ್ಟ್ ಆಗುತ್ತದೆ, ಏನೂ ತೊಂದರೆ ಇಲ್ಲ. ಪ್ಲಸ್ ಮೈನಸ್ ಮಾತ್ರ ಅದಲುಬದಲು ಆಗದಿರಲಿ. ಕೆಪಾಸಿಟರ್ ದಶಕಗಳ ಹಿಂದಿನದು, ಒಣಗಿರುತ್ತದೆ. ಮೇಲೆ ಬರೆದಿರುವ ಮೈಕ್ರೋಫ್ಯಾರಡ್ ನೋಡಿ ಅಷ್ಟೇ ಮೌಲ್ಯದ ಹೊಸದನ್ನು ಬೆಸುಗೆ ಹಾಕಿ. ಅದರ ವೋಲ್ಟ್ ಹಳೆಯದಕ್ಕಿಂತ ಕಮ್ಮಿ ಇರಬಾರದು.

ಈಗ ಪರೀಕ್ಷೆ. ಬಲ್ಬಿನ ಜಾಗದಲ್ಲಿ ಒಂದು ಮಾಮೂಲಿ ಟಾರ್ಚ್ ಬಲ್ಬ್ ಇಡಿ, ಎಲ್‌ಇಡಿ ಅಲ್ಲ, ಹಳೇ ತಂತಿಯದು. ಸಾಕೆಟ್‌ಗೆ ಕೂರದಿದ್ದರೆ ಎರಡು ತುಂಡು ತಂತಿಯಿಂದ ಮುಟ್ಟಿಸಿ. ಬಟನ್ ಒತ್ತಿ. ಕೆಪಾಸಿಟರ್ ಗನ್‌ನಲ್ಲಿ ಟಾರ್ಚ್ ಬಲ್ಬ್ ಒಂದು ಸಲ ಮಿಣಕ್ ಅನ್ನಬೇಕು, ಸೆಲ್ ಗನ್‌ನಲ್ಲಿ ಒತ್ತಿರುವಷ್ಟು ಹೊತ್ತು ಉರಿಯಬೇಕು. ಹತ್ತು ಸಲ ಒತ್ತಿದರೆ ಹತ್ತು ಸಲವೂ ಬರಬೇಕು. ಒಂಬತ್ತು ಸಲ ಬಂದರೆ ಗನ್ ಸರಿಯಿಲ್ಲ ಅಂತಲೇ ಲೆಕ್ಕ. ಅನೇಕ ಕೆಪಾಸಿಟರ್ ಗನ್‌ಗಳು ಬಲ್ಬ್ ಕೂರಿಸಿದ ಮೇಲೇ ತುಂಬಿಕೊಳ್ಳಲು ಶುರು ಮಾಡುತ್ತವೆ, ಆದ್ದರಿಂದ ಪ್ರತಿ ಸಲ ಹತ್ತು ಸೆಕೆಂಡ್ ಬಿಟ್ಟು ಒತ್ತಿ.

ಇದೇ ಪರೀಕ್ಷೆಯನ್ನು ಕೇಬಲ್ ಹಾಕಿ, ಶಟರ್ ಒತ್ತಿ ಇನ್ನೊಂದು ಸಲ ಮಾಡಿ. ನಾನು ಮೊದಲ ಸಲ ಇದನ್ನು ಬಿಟ್ಟೆ. ಸೆಲ್ ಗನ್, ಕೇಬಲ್ ಕ್ಯಾಮೆರಾಗೆ ಸಿಕ್ಕಿಸಿದ್ದೆ, ಆ ಕೇಬಲ್ ಒಳಗೇ ಎರಡು ತಂತಿ ಒಂದಕ್ಕೊಂದು ತಾಗಿತ್ತು. ಬಲ್ಬ್ ಸಾಕೆಟ್‌ಗೆ ಒತ್ತಿದ ಕ್ಷಣಕ್ಕೆ ಇಡೀ ಕೋಣೆ ಬೆಳ್ಳಗಾಯಿತು. ಹೆಬ್ಬೆರಳ ತುದಿಗೆ ಬಂದ ಬೊಬ್ಬೆ ವಾರ ಇತ್ತು, ಕಣ್ಣ ಮುಂದೆ ಹಸಿರು ಮಚ್ಚೆ ಹತ್ತು ನಿಮಿಷ. ಅವತ್ತಿನಿಂದ ಮೊದಲು ಬಲ್ಬ್ ಕೂರಿಸುತ್ತೇನೆ, ಗನ್ ಮುಖ ಆಚೆ ತಿರುಗಿಸಿ ಆಮೇಲೆ ಕೇಬಲ್ ಸಿಕ್ಕಿಸುತ್ತೇನೆ. ಬಲ್ಬ್ ಹಿಡಿಯುವುದೂ ಬಟ್ಟೆಯಲ್ಲೇ.

ಎಂ, ಎಕ್ಸ್, ಎಫ್‌ಪಿ: ಸಮಯದ ಆಟ

ಎಲೆಕ್ಟ್ರಾನಿಕ್ ಫ್ಲ್ಯಾಶ್ ಒತ್ತಿದ ತಕ್ಷಣ ಹೊಡೆದು ಮುಗಿಯುತ್ತದೆ. ಬಲ್ಬ್ ಹಾಗಲ್ಲ, ಅದಕ್ಕೆ ಹೊತ್ತಿಕೊಳ್ಳಲು ಸಮಯ ಬೇಕು. ಎಂ ವರ್ಗದ ಬಲ್ಬ್ ಪೂರ್ತಿ ಬೆಳಕಿಗೆ ಬರಲು ಸುಮಾರು 20 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಎಜಿ-1 ಥರದ್ದು ಸ್ವಲ್ಪ ಚುರುಕು, ಸುಮಾರು 13. ಎಫ್ ವರ್ಗ 5ರ ಆಸುಪಾಸು, ಎಸ್ ವರ್ಗ 30. ಎಫ್‌ಪಿ ಅನ್ನುವುದು ಬೇರೆಯೇ ಜಾತಿ. ಅದು ಏರಿ ಇಳಿಯುವ ಬದಲು ಒಂದೇ ಸಮ ಉರಿಯುತ್ತದೆ, ಪರದೆ ಶಟರ್ ಫಿಲ್ಮಿನ ಮೇಲೆ ಸೀಳು ಎಳೆದುಕೊಂಡು ಹೋಗುವಷ್ಟು ಹೊತ್ತೂ ಬೆಳಕು ಇರಲಿ ಅಂತ.

ಕ್ಯಾಮೆರಾದಲ್ಲಿ 'ಎಂ' ಅಂತ ಇಟ್ಟರೆ ಮೊದಲು ಬಲ್ಬಿಗೆ ಕರೆಂಟ್ ಹೋಗುತ್ತದೆ, ಶಟರ್ ಸ್ವಲ್ಪ ಕಾದು ಆಮೇಲೆ ತೆರೆಯುತ್ತದೆ. 'ಎಕ್ಸ್' ಇಟ್ಟರೆ ಶಟರ್ ಪೂರ್ತಿ ತೆರೆದ ಕ್ಷಣಕ್ಕೆ ಕರೆಂಟ್. ಹಾಗಾಗಿ ಎಕ್ಸ್‌ನಲ್ಲಿ ಬಲ್ಬ್ ಉರಿಸುವುದಾದರೆ ಶಟರ್ 1/30 ಸೆಕೆಂಡ್ ಅಥವಾ ಅದಕ್ಕಿಂತ ನಿಧಾನ ಇರಬೇಕು. 1/125 ಇಟ್ಟರೆ ಬಲ್ಬ್ ಉರಿಯುವಷ್ಟರಲ್ಲಿ ಶಟರ್ ಮುಚ್ಚಿ ಮನೆಗೆ ಹೋಗಿರುತ್ತದೆ.

ಎಂ ಕೆಲಸ ಮಾಡುತ್ತಿದೆಯಾ ಅಂತ ನೋಡಲು ಒಂದು ಚಂದದ ಉಪಾಯ ಇದೆ. ಲೆನ್ಸಿನೊಳಗೇ ಶಟರ್ ಇರುವ ಕ್ಯಾಮೆರಾಗೆ ಒಂದು ಸಣ್ಣ ಎಲೆಕ್ಟ್ರಾನಿಕ್ ಫ್ಲ್ಯಾಶ್ ಸಿಕ್ಕಿಸಿ. ಫಿಲ್ಮ್ ಇಲ್ಲದೆ ಹಿಂಬದಿ ತೆರೆಯಿರಿ, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಂಡಿ) ಪೂರ್ತಿ ತೆರೆಯಿರಿ, ಶಟರ್ 1/125. ಫ್ಲ್ಯಾಶನ್ನು ಎದುರಿನ ಬಿಳಿ ಗೋಡೆಗೆ ಹಿಡಿದು, ಹಿಂದಿನಿಂದ ಲೆನ್ಸ್ ಮೂಲಕ ನೋಡುತ್ತಾ ಒತ್ತಿ. ಎಕ್ಸ್‌ನಲ್ಲಿ ದುಂಡನೆ ಬೆಳಕಿನ ಬಿಲ್ಲೆ ಫಳ್ ಅನ್ನಬೇಕು. ಎಂಗೆ ತಿರುಗಿಸಿ ಒತ್ತಿದರೆ ಆ ಬಿಲ್ಲೆ ಹೊಳೆಯಬಾರದು, ಯಾಕೆಂದರೆ ಫ್ಲ್ಯಾಶ್ ಹೊಡೆದಾಗ ಶಟರ್ ಇನ್ನೂ ಮುಚ್ಚೇ ಇದೆ. ಎಂನಲ್ಲೂ ಬಿಲ್ಲೆ ಹೊಳೆದರೆ ಒಳಗಿನ ತಡೆ ಕೆಟ್ಟಿದೆ. ಆಗ ಆ ಕ್ಯಾಮೆರಾವನ್ನು ಎಕ್ಸ್ ಅಂತಲೇ ನಡೆಸಿಕೊಳ್ಳಿ, 1/30 ದಾಟಬೇಡಿ.

ಜರ್ಮನ್ ಶಟರ್‌ಗಳಲ್ಲಿ ವಿ-ಎಕ್ಸ್-ಎಂ ಅಂತ ಮೂರು ಗುರುತಿನ ಒಂದು ಚಿಕ್ಕ ಕಡ್ಡಿ ಇರುತ್ತದೆ. ವಿ ಅಂದರೆ ಸೆಲ್ಫ್ ಟೈಮರ್. ಹಳೇ ಕ್ಯಾಮೆರಾದಲ್ಲಿ ಅದನ್ನು ಮುಟ್ಟಬೇಡಿ. ಎಣ್ಣೆ ಗಟ್ಟಿಯಾಗಿ ಅರ್ಧದಲ್ಲೇ ನಿಂತುಬಿಟ್ಟರೆ ಶಟರೂ ಅದರ ಜೊತೆ ನಿಲ್ಲುತ್ತದೆ.

ಲೆಕ್ಕ

ಬಲ್ಬಿನ ಬೆಳಕಿನ ಬಲ ಹೇಳುವ ಗೈಡ್ ನಂಬರ್ ಡಬ್ಬಿಯ ಮೇಲೆ ಪಟ್ಟಿಯಾಗಿ ಇರುತ್ತದೆ. ಅದನ್ನು ದೂರದಿಂದ ಭಾಗಿಸಿದರೆ ಅಪರ್ಚರ್ ಬರುತ್ತದೆ. 100 ಎಎಸ್ಎ ಫಿಲ್ಮಿಗೆ (ಎಎಸ್ಎ ಅಂದರೆ ಫಿಲ್ಮ್ ವೇಗ, ಬೆಳಕಿಗೆ ಅದು ಎಷ್ಟು ಚುರುಕು ಅನ್ನುವ ಅಳತೆ), ನಿಮ್ಮ ಶಟರ್ ವೇಗಕ್ಕೆ 120 ಅಂತ ಬರೆದಿದೆ ಅಂದುಕೊಳ್ಳಿ, ಎದುರಿನ ವ್ಯಕ್ತಿ 15 ಅಡಿ ದೂರ. 120 ಭಾಗಿಸು 15, ಎಂಟು. ಎಫ್ 8 ಇಡಿ. 400 ಫಿಲ್ಮ್ ಹಾಕಿದ್ದರೆ ಗೈಡ್ ನಂಬರ್ ಎರಡು ಪಟ್ಟು, 240. ಆಗ ಎಫ್ 16. ಫಿಲ್ಮ್ ವೇಗ ನಾಲ್ಕು ಪಟ್ಟಾದರೆ ನಂಬರ್ ಎರಡು ಪಟ್ಟು, ವೇಗ ಎರಡು ಪಟ್ಟಾದರೆ ನಂಬರ್ 1.4 ಪಟ್ಟು.

ಜನ ಜಾಸ್ತಿ ಎಡವುವುದು ಅಡಿ ಮತ್ತು ಮೀಟರ್ ಮಧ್ಯೆ. ಅಮೆರಿಕದ ಡಬ್ಬಿಯಲ್ಲಿ ಅಡಿ, ಯುರೋಪಿನ ಡಬ್ಬಿಯಲ್ಲಿ ಸಾಮಾನ್ಯವಾಗಿ ಮೀಟರ್. ಮೇಲಿನ 120ನ್ನು ಮೀಟರ್ ಅಂದುಕೊಂಡು ನಾಲ್ಕೂವರೆ ಮೀಟರಿಗೆ ಭಾಗಿಸಿದರೆ ಎಫ್ 27 ಹತ್ತಿರ ಬರುತ್ತದೆ, ಸುಮಾರು ಮೂರೂವರೆ ಸ್ಟಾಪ್ ಕತ್ತಲು (ಒಂದೊಂದು ಸ್ಟಾಪಿಗೂ ಬೆಳಕು ಅರ್ಧಕ್ಕರ್ಧ ಇಳಿಯುತ್ತದೆ)! ಅಡಿಯಿಂದ ಮೀಟರಿಗೆ ಬರಬೇಕಾದರೆ 3.3ರಿಂದ ಭಾಗಿಸಿ. ಯುರೋಪಿನ ಡಬ್ಬಿಯಲ್ಲಿ ಫಿಲ್ಮ್ ವೇಗ ಡಿನ್ ಲೆಕ್ಕದಲ್ಲಿದ್ದರೆ 21 ಅಂದರೆ 100, ಮೂರು ಏರಿದಾಗಲೆಲ್ಲ ಎರಡು ಪಟ್ಟು.

ಪಟ್ಟಿಯಲ್ಲಿ ಶಟರ್ ವೇಗ ಏರಿದಂತೆ ನಂಬರ್ ಇಳಿಯುವುದನ್ನು ಗಮನಿಸಿ. ಬಲ್ಬ್ ನಿಧಾನಕ್ಕೆ ಉರಿಯುವುದರಿಂದ ಚುರುಕಾದ ಶಟರ್ ಅದರ ಒಂದು ತುಂಡನ್ನಷ್ಟೇ ಕತ್ತರಿಸಿಕೊಳ್ಳುತ್ತದೆ. ರಿಫ್ಲೆಕ್ಟರ್ ಕೂಡ ಲೆಕ್ಕಕ್ಕೆ ಬರುತ್ತದೆ: ಬೀಸಣಿಗೆ ಹಾಗೆ ಬಿಚ್ಚುವ ರಿಫ್ಲೆಕ್ಟರ್ ಮಾಸಿದ್ದರೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಎಸಳು ಒಂದೂ ಬಿಡದೆ ಬಿಚ್ಚಿ. ಡಬ್ಬಿ ಕಳೆದುಹೋಗಿದ್ದರೆ ಗನ್ ಬೆನ್ನು ನೋಡಿ, ಎಷ್ಟೋ ಗನ್‌ಗಳಲ್ಲಿ ತಿರುಗಿಸುವ ಲೆಕ್ಕದ ಚಕ್ರ ಇರುತ್ತದೆ.

ಈಗ ಉರಿಸಿ

ಮೊದಲ ಬಲ್ಬಿಗೆ ನಾನು ಹೇಳುವುದು 'ತೆರೆದ ಶಟರ್' ವಿಧಾನ. ಯಾವ ಕ್ಯಾಮೆರಾಗೂ ಆಗುತ್ತದೆ, ಸಿಂಕ್, ಅಂದರೆ ಶಟರಿಗೂ ಬಲ್ಬಿಗೂ ಸಮಯ ಹೊಂದಿಸುವ ಗೊಡವೆಯೇ ಇಲ್ಲ, ಡಿಜಿಟಲ್ ಕ್ಯಾಮೆರಾಗೆ ಹಳೇ ಗನ್ನಿನ ತಂತಿ ಸಿಕ್ಕಿಸುವ ಭಯವೂ ಇಲ್ಲ.

1. ಕ್ಯಾಮೆರಾವನ್ನು ಸ್ಟ್ಯಾಂಡ್ ಮೇಲಿಡಿ, ಕೋಣೆ ಕತ್ತಲಾಗಿಸಿ, ಫೋಕಸ್ ಮುಂಚೆಯೇ ಮಾಡಿಟ್ಟುಕೊಳ್ಳಿ.

2. ಬಲ್ಬಿನ ಬುಡವನ್ನು ಒಣ ಬಟ್ಟೆಯಲ್ಲಿ ಉಜ್ಜಿ. ತಂತಿ ಬುಡದ್ದಾದರೆ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ. ಹಿಂದಿನ ಕಾಲದ ಪತ್ರಿಕಾ ಫೋಟೋಗ್ರಾಫರುಗಳು ಬುಡ ನೆಕ್ಕಿ ಸಿಕ್ಕಿಸುತ್ತಿದ್ದರು, ನೀವು ಬೇಡ, ಅದರ ತುದಿಯಲ್ಲಿ ಸೀಸ ಇರುವ ಬೆಸುಗೆ ಇರಬಹುದು.

3. ಗನ್ ಮುಂದೆ ಪ್ಲಾಸ್ಟಿಕ್ ಮುಚ್ಚಳ ಬಂದಿದ್ದರೆ ಹಾಕಿ. ಜನರಿಂದ ಎರಡು ಮೀಟರ್ ದೂರ ಇರಲಿ. ಪೆಟ್ರೋಲ್, ಗ್ಯಾಸ್, ಥಿನ್ನರ್ ಇರುವ ಜಾಗದಲ್ಲಿ ಬೇಡವೇ ಬೇಡ. ಉಳಿದ ಬಲ್ಬ್‌ಗಳನ್ನು ದೂರ ಇಡಿ, ಒಂದು ಉರಿದ ಬಿಸಿಗೆ ಪಕ್ಕದ್ದೂ ಹೊತ್ತಿಕೊಳ್ಳಬಹುದು.

4. ಶಟರ್ 'ಬಿ'ಗೆ (ಒತ್ತಿರುವಷ್ಟು ಹೊತ್ತೂ ತೆರೆದಿರುವ ಗುರುತು) ಇಟ್ಟು ತೆರೆಯಿರಿ, ಗನ್ ಬಟನ್ ಒತ್ತಿ, ಶಟರ್ ಮುಚ್ಚಿ. ಡಿಜಿಟಲ್‌ನಲ್ಲಿ ಎರಡು ಸೆಕೆಂಡ್ ಶಟರ್ ಇಟ್ಟರೂ ಆಗುತ್ತದೆ. ಗೈಡ್ ನಂಬರ್ ಪಟ್ಟಿಯಲ್ಲಿ ಎಲ್ಲಕ್ಕಿಂತ ನಿಧಾನ ವೇಗದ ಸಾಲನ್ನು ಬಳಸಿ. ಬಲ್ಬನ್ನು ದಿಟ್ಟಿಸಬೇಡಿ.

ಎಲೆಕ್ಟ್ರಾನಿಕ್ ಫ್ಲ್ಯಾಶ್ ಹೊಡೆದಾಗ ಟಿಕ್ ಅನ್ನುತ್ತದೆ, ಅಷ್ಟೇ. ಇದು ಬುಸ್ ಅನ್ನುತ್ತದೆ, ಕೆನ್ನೆಗೆ ಶಾಖ ತಾಗುತ್ತದೆ, ಆಮೇಲೆ ಸುಟ್ಟ ಲ್ಯಾಕರ್ ವಾಸನೆ. ಗಾಜಿನ ಮೇಲೆ ಹಾಲು ಉಕ್ಕಿದ ಹಾಗೆ ಗುಳ್ಳೆಗಳು ಎದ್ದು ನಿಂತಿರುತ್ತವೆ. ಮುಟ್ಟಬೇಡಿ. ಗನ್‌ನಲ್ಲಿ ಹೊರಹಾಕುವ ಬಟನ್ ಇದ್ದರೆ ಲೋಹದ ಡಬ್ಬಿಯ ಮೇಲೆ ಹಿಡಿದು ಒತ್ತಿ, ಇಲ್ಲದಿದ್ದರೆ ಒಂದೆರಡು ನಿಮಿಷ ಬಿಟ್ಟು ದಪ್ಪ ಬಟ್ಟೆಯಲ್ಲಿ ತೆಗೆಯಿರಿ. ಉರಿಯದೇ ಹೋದರೆ, ಕೇಬಲ್ ಹಾಕಿದ್ದರೆ ಮೊದಲು ಅದನ್ನು ಬಿಚ್ಚಿ, ಮುಖ ಆಚೆ ಇಟ್ಟುಕೊಂಡು ಬಲ್ಬ್ ತೆಗೆದು, ಬುಡ ಇನ್ನೊಂದು ಸಲ ಉಜ್ಜಿ ಹಾಕಿ. ಹತ್ತಕ್ಕೆ ಎಂಟು ಸಲ ತೊಂದರೆ ಅಲ್ಲೇ.

ಉಳಿದ ಬಲ್ಬ್‌ಗಳು ಅವುಗಳ ಮೂಲ ರಟ್ಟಿನ ಡಬ್ಬಿಯಲ್ಲೇ ಇರಲಿ. ಜೇಬಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಡಿಬಿಡಿಯಾಗಿ ಹಾಕಬೇಡಿ, ಉಜ್ಜಾಡಿ ಹುಟ್ಟುವ ಸ್ಥಾಯೀ ವಿದ್ಯುತ್ತಿಗೂ ಹೊತ್ತಿಕೊಳ್ಳಬಹುದು. ಫೋಟೋ ತೊಳೆದು ಬಂದ ಮೇಲೆ ಆ ಡಬ್ಬಿಯ ಮುಚ್ಚಳದ ಒಳಗೆ ಪೆನ್ಸಿಲಲ್ಲಿ ಬರೆದಿಡಿ: ಯಾವ ಫಿಲ್ಮ್, ಎಷ್ಟು ದೂರ, ಯಾವ ಅಪರ್ಚರ್, ಬೆಳಕು ಜಾಸ್ತಿಯಾಯಿತಾ ಕಮ್ಮಿಯಾಯಿತಾ. ನನ್ನ ಹತ್ತಿರ ಇರುವ ಒಂದು ಡಬ್ಬಿಯ ಮುಚ್ಚಳದಲ್ಲಿ 'ಅರ್ಧ ಸ್ಟಾಪ್ ತೆರೆ' ಅಂತಷ್ಟೇ ಇದೆ, ಒಳಗೆ ಇನ್ನು ಮೂರು ಬಲ್ಬ್ ಉಳಿದಿವೆ.